ಹೊರದೇಶದ ತರಗತಿಗೆ ಹೊರಟವರ ಪ್ರಶ್ನೆಗಳು

ಬೇರೆ ದೇಶದಲ್ಲಿ ಪಾಠ ಹೇಳಲು ಹೊರಟಿರುವ ಓದುಗರ ಪತ್ರಗಳಿಗೆ ಈ ಸಲದ ಅಂಕಣವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿದ್ದೇವೆ. ಬಂದ ಪತ್ರಗಳಲ್ಲಿ ಹೆಚ್ಚಿನವು ‘ಕೆಲಸ ಹೇಗೆ ಹುಡುಕಬೇಕು’ ಎಂದು ಕೇಳುತ್ತವೆ. ಸಿಕ್ಕ ಕೆಲಸ ಕಾಗದಪತ್ರದ ದೆಸೆಯಿಂದ ಕೈತಪ್ಪಿಹೋಗುವುದೇ ಹೆಚ್ಚು. ಆದ್ದರಿಂದ ಉತ್ತರಗಳಲ್ಲಿ ಕಾಗದದ ಮಾತಿಗೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಮೂರು ವರ್ಷದ ಪದವಿ, ಅದರ ಮೇಲೆ ಶಿಕ್ಷಕ ತರಬೇತಿ ಮುಗಿಸಿದ್ದೇನೆ. ಪ್ರೌಢಶಾಲೆಯಲ್ಲಿ ಎಂಟು ವರ್ಷ ಗಣಿತ ಕಲಿಸಿದ ಅನುಭವವಿದೆ. ಯಾವ ದೇಶಕ್ಕೆ ಹೋದರೂ ಇದು ಸಾಕಲ್ಲವೇ?

ಸಾಲದು ಎಂದಲ್ಲ, ಆದರೆ ‘ಯಾವ ದೇಶಕ್ಕೆ ಹೋದರೂ’ ಎಂಬ ಮಾತನ್ನು ಬಿಟ್ಟುಬಿಡಿ. ವೈದ್ಯರಿಗೆ ಇರುವಂತೆ ಶಿಕ್ಷಕರಿಗೂ ಅನೇಕ ಕಡೆ ಪರವಾನಗಿ ಬೇಕು. ಆ ಪರವಾನಗಿಯ ಲೆಕ್ಕ ಒಂದೊಂದು ದೇಶದಲ್ಲಿ ಒಂದೊಂದು ಥರ. ಕೆಲವು ದೇಶಗಳಲ್ಲಿ ರಾಜ್ಯದಿಂದ ರಾಜ್ಯಕ್ಕೇ ಬೇರೆ.

ಆಸ್ಟ್ರೇಲಿಯಾದ ಉದಾಹರಣೆ ತೆಗೆದುಕೊಳ್ಳಿ. ಶಿಕ್ಷಕರಾಗಿ ವಲಸೆ ಹೋಗುವವರ ಅರ್ಹತೆಯನ್ನು ಅಲ್ಲಿ ಎಐಟಿಎಸ್‌ಎಲ್ ಎಂಬ ಸಂಸ್ಥೆ ಅಳೆಯುತ್ತದೆ. ಶಿಕ್ಷಕ ತರಬೇತಿಯೂ ಸೇರಿ ಒಟ್ಟು ನಾಲ್ಕು ವರ್ಷದ ಪೂರ್ಣಾವಧಿ ಉನ್ನತ ಶಿಕ್ಷಣ ಆಗಿರಬೇಕು. ತರಬೇತಿಯ ಅವಧಿಯಲ್ಲಿ, ಮೇಲ್ವಿಚಾರಕರ ಕಣ್ಣೆದುರು ಕನಿಷ್ಠ 45 ದಿನ ನಿಜವಾದ ತರಗತಿಯಲ್ಲಿ ಪಾಠ ಮಾಡಿರಬೇಕು. ನಿಮ್ಮ ಎಂಟು ವರ್ಷದ ಅನುಭವ ಈ 45 ದಿನಕ್ಕೆ ಬದಲಿಯಾಗುವುದಿಲ್ಲ. ಅಂಕಪಟ್ಟಿಯಲ್ಲಿ ‘ಬೋಧನಾ ಅಭ್ಯಾಸ’ ಎಂದಷ್ಟೇ ಇದ್ದು ದಿನಗಳ ಸಂಖ್ಯೆ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ನೀವು ಓದಿದ ಕಾಲೇಜಿನಿಂದ ಒಂದು ಪತ್ರ ಬರೆಸಿಕೊಳ್ಳಿ. ಎಷ್ಟು ದಿನ, ಯಾವ ತರಗತಿಗೆ, ಮಕ್ಕಳ ವಯಸ್ಸು ಎಷ್ಟು, ಯಾವ ವಿಷಯ, ಯಾರ ಮೇಲ್ವಿಚಾರಣೆ ಎಂಬುದೆಲ್ಲ ಅದರಲ್ಲಿರಲಿ. ಕಾಲೇಜು ಮುಚ್ಚಿಹೋಗುವುದುಂಟು, ಹಳೆಯ ಕಡತಗಳು ಸಿಗದೆ ಹೋಗುವುದೂ ಉಂಟು. ಮೊದಲು ಹಿಡಿಯಬೇಕಾದ ಕೆಲಸ ಇದೇ. ಇಂಗ್ಲಿಷ್ ಪರೀಕ್ಷೆಯ ಮಟ್ಟವೂ ಅಲ್ಲಿ ಎತ್ತರದ್ದು: ಅಕಾಡೆಮಿಕ್ ಐಇಎಲ್‌ಟಿಎಸ್‌ನಲ್ಲಿ ಓದು, ಬರಹಕ್ಕೆ 7, ಮಾತು, ಆಲಿಸುವಿಕೆಗೆ 8. ಅಲ್ಲಿ ಪಾಸಾದ ಮೇಲೂ ನೀವು ಹೋಗುವ ರಾಜ್ಯದಲ್ಲಿ ನೋಂದಣಿ ಬೇರೆಯಾಗಿ ಆಗಬೇಕು.

ಇಂಗ್ಲೆಂಡಿನಲ್ಲಿ ಕೇಳುವುದು ಕ್ಯೂಟಿಎಸ್, ಅಂದರೆ ಅರ್ಹ ಶಿಕ್ಷಕ ಎಂಬ ಮಾನ್ಯತೆ. ಹೊರದೇಶದಲ್ಲಿ ತರಬೇತಾದವರು ಇದಿಲ್ಲದೆಯೂ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ನಾಲ್ಕು ವರ್ಷದ ತನಕ ಪಾಠ ಹೇಳಬಹುದು. ಖಾಸಗಿ ಶಾಲೆಗಳಿಗೆ ಆ ಕಟ್ಟು ಇಲ್ಲ. ನಾಲ್ಕು ವರ್ಷ ಧಾರಾಳವಾಗಿದೆ ಎಂದು ಕೈಕಟ್ಟಿ ಕೂತವರಿಗೆ ಕೊನೆಯಲ್ಲಿ ಪೇಚಾಟ ಖಂಡಿತ. ಅಲ್ಲಿಗೆ ಹೋದ ಮೊದಲ ವರ್ಷವೇ ಕ್ಯೂಟಿಎಸ್‌ಗೆ ಅರ್ಜಿ ಹಾಕಿ. ಸ್ಕಾಟ್ಲೆಂಡಿನ ನಿಯಮ ಬೇರೆ. ಅಲ್ಲಿನ ಶಿಕ್ಷಕ ಮಂಡಳಿಯಲ್ಲಿ ಹೆಸರು ನೋಂದಾಯಿಸದೆ ಸರ್ಕಾರಿ ಶಾಲೆಯ ಹೊಸ್ತಿಲು ದಾಟುವಂತಿಲ್ಲ.

ಅಮೆರಿಕಕ್ಕೆ ಶಿಕ್ಷಕರು ಹೆಚ್ಚಾಗಿ ಹೋಗುವುದು ಜೆ-1 ವಿನಿಮಯ ವೀಸಾದಲ್ಲಿ. ಕನಿಷ್ಠ ಎರಡು ವರ್ಷದ ಪೂರ್ಣಾವಧಿ ಬೋಧನಾನುಭವ ಬೇಕು. ಅವಧಿ ಮೂರು ವರ್ಷ. ಇನ್ನೊಂದೋ ಎರಡೋ ವರ್ಷ ವಿಸ್ತರಣೆ ಸಿಗಬಹುದು. ಇದು ವಿನಿಮಯದ ವೀಸಾ, ಮುಗಿದ ಮೇಲೆ ಮರಳಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಲಸೋಲದ ಲೆಕ್ಕ ಹಾಕಿ. ಪರವಾನಗಿ ಕೊಡುವುದು ಆಯಾ ರಾಜ್ಯ. ಒಂದು ರಾಜ್ಯದ್ದು ಪಕ್ಕದ ರಾಜ್ಯದಲ್ಲಿ ತನ್ನಷ್ಟಕ್ಕೇ ಚಲಾವಣೆಯಾಗುವುದಿಲ್ಲ.

‘ಅಪೊಸ್ಟಿಲ್ ಮಾಡಿಸಿ ತನ್ನಿ’ ಎಂದು ಒಂದು ಶಾಲೆ ಹೇಳಿದೆ, ‘ರಾಯಭಾರ ಕಚೇರಿಯ ದೃಢೀಕರಣ ಬೇಕು’ ಎಂದು ಇನ್ನೊಂದು ಶಾಲೆ. ಎರಡೂ ಒಂದೇ ಅಲ್ಲವೇ?

ಅಲ್ಲ. ತಪ್ಪಾಗಿ ಮಾಡಿಸಿದರೆ ದುಡ್ಡೂ ಹೋಯಿತು, ತಿಂಗಳುಗಳೂ ಹೋದವು.

ಅಪೊಸ್ಟಿಲ್ ಹುಟ್ಟಿದ್ದು 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದದಿಂದ. ಒಪ್ಪಂದದಲ್ಲಿರುವ ಒಂದು ದೇಶದ ದಾಖಲೆಯನ್ನು, ಒಂದೇ ಒಂದು ಪ್ರಮಾಣಪತ್ರ ಅಂಟಿಸಿದರೆ, ಒಪ್ಪಂದದ ಇನ್ನೊಂದು ದೇಶ ಒಪ್ಪಿಕೊಳ್ಳುತ್ತದೆ. ರಾಯಭಾರ ಕಚೇರಿಗೆ ಅಲೆಯಬೇಕಿಲ್ಲ. ಹೋಗುವ ದೇಶ ಈ ಒಪ್ಪಂದದಲ್ಲಿ ಇಲ್ಲದಿದ್ದರೆ ಹಳೆಯ ದಾರಿಯೇ ಗತಿ: ಮೊದಲು ನಿಮ್ಮ ದೇಶದ ಶಿಕ್ಷಣ ಪ್ರಾಧಿಕಾರದ ಮುದ್ರೆ, ಆಮೇಲೆ ವಿದೇಶಾಂಗ ಇಲಾಖೆಯದು, ಅದರ ಮೇಲೆ ಹೋಗುವ ದೇಶದ ರಾಯಭಾರ ಕಚೇರಿಯದು, ಹಲವು ಕಡೆ ಅಲ್ಲಿಗೆ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯದು. ಒಂದು ಮೆಟ್ಟಿಲು ಬಿಟ್ಟರೆ ಮುಂದಿನ ಕಚೇರಿ ಕಾಗದವನ್ನು ಮುಟ್ಟುವುದಿಲ್ಲ.

ಪಟ್ಟಿ ಬದಲಾಗುತ್ತಲೇ ಇರುತ್ತದೆ. ಸೌದಿ ಅರೇಬಿಯಾದಲ್ಲಿ ಒಪ್ಪಂದ ಜಾರಿಗೆ ಬಂದದ್ದು 2022ರ ಡಿಸೆಂಬರಿನಲ್ಲಿ, ಚೀನಾದಲ್ಲಿ 2023ರ ನವೆಂಬರ್ 7ರಂದು, ಕೆನಡಾದಲ್ಲಿ 2024ರ ಜನವರಿ 11ರಂದು. ಅದಕ್ಕೂ ಹಿಂದೆ ಹೋದ ಗೆಳೆಯರು ‘ಚೀನಾಕ್ಕೆ ರಾಯಭಾರ ಕಚೇರಿಯ ಮುದ್ರೆ ಬೇಕೇಬೇಕು’ ಎಂದರೆ, ಅವರ ಕಾಲಕ್ಕೆ ಆ ಮಾತು ಸರಿ, ಈಗ ಎಲ್ಲರಿಗೂ ಅಲ್ಲ. ಚೀನಾದ ಸೇರ್ಪಡೆಗೆ ಆಕ್ಷೇಪ ಎತ್ತಿದ ದೇಶಗಳ ದಾಖಲೆಗೆ ಮಾತ್ರ ಹಳೆಯ ದಾರಿಯೇ. ಒಪ್ಪಂದದ ಸದಸ್ಯ ದೇಶಗಳ ಪಟ್ಟಿಯನ್ನು ಅದನ್ನು ನೋಡಿಕೊಳ್ಳುವ ‘ಹೇಗ್ ಸಮ್ಮೇಳನ’ ಎಂಬ ಸಂಸ್ಥೆಯ ಜಾಲತಾಣದಲ್ಲೇ ನೋಡಿಕೊಳ್ಳಿ.

ಅಪೊಸ್ಟಿಲ್ ಕೈಗೆ ಬಂದ ಕೂಡಲೇ ಕೌಂಟರಿನ ಮುಂದೆ ನಿಂತೇ ಓದಿ. ಒಪ್ಪಂದ ಹೇಳುವ ನಮೂನೆ ಕನಿಷ್ಠ 9 ಸೆಂಟಿಮೀಟರ್ ಬದಿಯ ಒಂದು ಚೌಕ. ತಲೆಬರಹ ಫ್ರೆಂಚ್‌ನಲ್ಲಿ ಇರಲೇಬೇಕು. ಕೆಳಗೆ ಹತ್ತು ಸಂಖ್ಯೆಗಳ ಸಾಲು: 1 ದೇಶ, 2 ದಾಖಲೆಗೆ ಸಹಿ ಮಾಡಿದವರ ಹೆಸರು, 3 ಅವರ ಹುದ್ದೆ, 4 ದಾಖಲೆಯಲ್ಲಿರುವ ಮುದ್ರೆ ಯಾರದು, 5 ಸ್ಥಳ, 6 ದಿನಾಂಕ, 7 ಕೊಟ್ಟವರು, 8 ಕ್ರಮಸಂಖ್ಯೆ, 9 ಮುದ್ರೆ, 10 ಸಹಿ. ಇದರಲ್ಲಿ ಎರಡನೆಯ ಸಾಲು ಬಹಳ ಮುಖ್ಯ. ಅಲ್ಲಿ ವಿಶ್ವವಿದ್ಯಾಲಯದ ಅಧಿಕಾರಿಯ ಹೆಸರಿದ್ದರೆ ನಿಮ್ಮ ಮೂಲ ಪದವಿಪತ್ರಕ್ಕೆ ಅಪೊಸ್ಟಿಲ್ ಆಗಿದೆ ಎಂದರ್ಥ. ನೋಟರಿಯ ಹೆಸರಿದ್ದರೆ ಆಗಿರುವುದು ಜೆರಾಕ್ಸ್ ಪ್ರತಿಗೆ. ಅದು ಸಾರುವುದು ನೋಟರಿಯ ಸಹಿ ನಿಜ ಎಂದಷ್ಟೇ. ಶಾಲೆ ಮೂಲಪತ್ರಕ್ಕೇ ಕೇಳಿದ್ದರೆ ಇದು ನಡೆಯುವುದಿಲ್ಲ.

ಅಪೊಸ್ಟಿಲ್ ಕೊಡಬೇಕಾದದ್ದು ದಾಖಲೆ ಹುಟ್ಟಿದ ದೇಶವೇ. ಪದವಿಯನ್ನು ಮೂರನೆಯ ದೇಶದಲ್ಲಿ ಪಡೆದಿದ್ದರೆ ಅದಕ್ಕೆ ಅಲ್ಲಿಂದಲೇ ಮಾಡಿಸಬೇಕು. ಪದವಿಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ನಿಲ್ಲುವುದಿಲ್ಲ, ಬಿಚ್ಚಲು ಹೋದರೆ ಅಕ್ಷರವೇ ಕಿತ್ತುಬರುತ್ತದೆ. ಈಗಾಗಲೇ ಮಾಡಿಸಿದ್ದರೆ ವಿಶ್ವವಿದ್ಯಾಲಯದಿಂದ ಎರಡನೆಯ ಪ್ರತಿಗೆ ಅರ್ಜಿ ಹಾಕಿ. ಅನುವಾದ ಬೇಕಾದಲ್ಲಿ ಅಪೊಸ್ಟಿಲ್ ಆದ ಮೇಲೆ ಮಾಡಿಸಿ, ಅಪೊಸ್ಟಿಲ್‌ನ ಒಕ್ಕಣೆಯೂ ಅನುವಾದದಲ್ಲಿ ಸೇರಲಿ. ಪ್ರಮಾಣ ಸ್ವೀಕರಿಸಿದ ತಮ್ಮದೇ ದೇಶದ ಅನುವಾದಕರು ಮಾಡಿದ್ದನ್ನು ಮಾತ್ರ ಒಪ್ಪುವ ದೇಶಗಳಿವೆ. ಅದನ್ನು ಮೊದಲೇ ಕೇಳಿಕೊಂಡರೆ ಒಂದು ಖರ್ಚು ಉಳಿಯುತ್ತದೆ.

ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಇನಿಷಿಯಲ್ ಇದೆ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು. ಮದುವೆಯಾದ ಮೇಲಿನ ಅನುಭವ ಪತ್ರಗಳಲ್ಲಿ ಇನ್ನೊಂದು ಉಪನಾಮ. ಏನು ಮಾಡಲಿ?

ಪಾಸ್‌ಪೋರ್ಟಿನಲ್ಲಿ ಇರುವುದೇ ನಿಮ್ಮ ಹೆಸರು. ಮಿಕ್ಕವೆಲ್ಲ ಅದಕ್ಕೆ ಬಂದು ಸೇರಬೇಕು. ತಿದ್ದಿಸಲು ಆಗುವ ದಾಖಲೆಯನ್ನು, ಅಂದರೆ ಈಗಿನ ಶಾಲೆಯ ಅನುಭವ ಪತ್ರವನ್ನು, ಪಾಸ್‌ಪೋರ್ಟಿನ ಕಾಗುಣಿತದಲ್ಲೇ ಹೊಸದಾಗಿ ಬರೆಸಿಕೊಳ್ಳಿ. ತಿದ್ದಿಸಲಾಗದ್ದಕ್ಕೆ ‘ಈ ಎರಡೂ ಹೆಸರು ಒಬ್ಬರದೇ’ ಎನ್ನುವ ಅಫಿಡವಿಟ್ ಮಾಡಿಸಿ. ಮದುವೆ ಪ್ರಮಾಣಪತ್ರಕ್ಕೂ ಆ ಅಫಿಡವಿಟ್ಟಿಗೂ ಪದವಿಪತ್ರದ ಜೊತೆಯಲ್ಲೇ ಅಪೊಸ್ಟಿಲ್ ಮಾಡಿಸಿಬಿಡಿ. ಪಾಸ್‌ಪೋರ್ಟನ್ನೇ ಬದಲಿಸುವ ಆಲೋಚನೆಯಿದ್ದರೆ ಅದು ಎಲ್ಲಕ್ಕಿಂತ ಮೊದಲು ಆಗಲಿ. ವೀಸಾ ಅರ್ಜಿ ಹೋದ ಮೇಲೆ ಪಾಸ್‌ಪೋರ್ಟ್ ಸಂಖ್ಯೆ ಬದಲಾದರೆ ಮತ್ತೆ ಮೊದಲಿಂದ ಶುರು.

ಶಾಲೆ ಆಗಸ್ಟಿನಲ್ಲಿ ಆರಂಭ. ಯಾವಾಗ ಅರ್ಜಿ ಹಾಕಿದರೆ ಸಾಕು?

ಆಗಸ್ಟಿನಲ್ಲಿ ಬಾಗಿಲು ತೆರೆಯುವ ಅಂತರರಾಷ್ಟ್ರೀಯ ಶಾಲೆಗಳು ಹಿಂದಿನ ಅಕ್ಟೋಬರ್, ನವೆಂಬರಿನಲ್ಲೇ ಹುಡುಕಾಟ ಶುರುಮಾಡುತ್ತವೆ. ಜನವರಿಯಿಂದ ಮಾರ್ಚ್ ಭರಾಟೆಯ ಕಾಲ. ಮೇ ತಿಂಗಳಲ್ಲೂ ಕೆಲಸ ಸಿಗುತ್ತದೆ, ಆದರೆ ಆಗ ಖಾಲಿ ಉಳಿದಿರುವ ಜಾಗಕ್ಕೆ ಒಂದು ಕಾರಣವಿರುತ್ತದೆ. ಅದನ್ನು ಸಂದರ್ಶನದಲ್ಲಿ ಕೇಳಲು ಹಿಂಜರಿಯಬೇಡಿ: ‘ಹಿಂದಿನ ಶಿಕ್ಷಕರು ಯಾಕೆ ಬಿಟ್ಟರು, ಎಷ್ಟು ವರ್ಷ ಇದ್ದರು?’

ಲೆಕ್ಕವನ್ನು ತರಗತಿಯ ಮೊದಲ ದಿನದಿಂದ ಹಿಂದಕ್ಕೆ ಎಣಿಸಿ. ಪದವಿಪತ್ರ, ಅಂಕಪಟ್ಟಿ, ಅಪೊಸ್ಟಿಲ್ ಇವು ಹಳಸುವುದಿಲ್ಲ, ಒಂದು ವರ್ಷ ಮೊದಲೇ ಮಾಡಿಸಿಡಬಹುದು. ಪೊಲೀಸ್ ಕ್ಲಿಯರೆನ್ಸ್ ಹಳಸುತ್ತದೆ. ಮೂರು ತಿಂಗಳಿಗಿಂತ ಹಳೆಯದನ್ನು, ಇಲ್ಲವೇ ಆರು ತಿಂಗಳಿಗಿಂತ ಹಳೆಯದನ್ನು ಒಪ್ಪದ ಕಚೇರಿಗಳೇ ಜಾಸ್ತಿ. ತೀರ ಮೊದಲೇ ಮಾಡಿಸಿದವರು ಎರಡು ಸಲ ಮಾಡಿಸಬೇಕಾಗುತ್ತದೆ. ಐಇಎಲ್‌ಟಿಎಸ್ ಅಂಕ ಸಾಮಾನ್ಯವಾಗಿ ಎರಡು ವರ್ಷ ಬಾಳುತ್ತದೆ. ವೈದ್ಯಕೀಯ ತಪಾಸಣೆಯ ವರದಿಗೂ ಅವಧಿ ಇದೆ, ಅದನ್ನು ಶಾಲೆ ಹೇಳುವವರೆಗೆ ಮಾಡಿಸಬೇಡಿ. ಪಾಸ್‌ಪೋರ್ಟಿನಲ್ಲಿ ಪ್ರಯಾಣದ ದಿನಕ್ಕೆ ಕನಿಷ್ಠ ಆರು ತಿಂಗಳು ಉಳಿದಿರಲಿ. ಎರಡು ವರ್ಷದ ಒಪ್ಪಂದವಾದರೆ ಹೊರಡುವ ಮುಂಚೆಯೇ ನವೀಕರಿಸುವುದು ಲೇಸು.

ಮೂರನೆಯ ದೇಶದಲ್ಲಿ ಹಿಂದೆ ಕೆಲಸ ಮಾಡಿದ್ದರೆ ಅಲ್ಲಿನ ಪೊಲೀಸ್ ಪತ್ರವೂ ಬೇಕು. ಶಿಕ್ಷಣ ಕ್ಷೇತ್ರದ ಕೆಲಸಕ್ಕೆ ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾ ಕೇಳುವವರು, ಕಳೆದ 10 ವರ್ಷದಲ್ಲಿ, 18 ತುಂಬಿದ ಮೇಲೆ, ಒಟ್ಟು 12 ತಿಂಗಳೋ ಅದಕ್ಕಿಂತ ಹೆಚ್ಚೋ ಇದ್ದ ಪ್ರತಿ ದೇಶದಿಂದ ಅದನ್ನು ತರಬೇಕು. ದೂರದಲ್ಲಿ ಕೂತು ಬೆರಳಚ್ಚು ಕಳಿಸಿ ತರಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಆನ್‌ಲೈನ್ ಸಂದರ್ಶನದಲ್ಲಿ ಪಾಠ ಮಾಡಿ ತೋರಿಸಿ ಎಂದಿದ್ದಾರೆ. ಏನನ್ನು ನೋಡುತ್ತಾರೆ?

ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಡೀ ಅಧ್ಯಾಯ ಮುಗಿಸಲು ಹೋಗುವುದೇ ಎಲ್ಲರೂ ಮಾಡುವ ತಪ್ಪು. ಒಂದೇ ಪರಿಕಲ್ಪನೆ ಆರಿಸಿಕೊಳ್ಳಿ. ಭಿನ್ನರಾಶಿ ಎಂದಿಟ್ಟುಕೊಳ್ಳಿ: 1/3 ದೊಡ್ಡದೋ 1/4 ದೊಡ್ಡದೋ ಎಂದು ಕೇಳಿ ಸುಮ್ಮನಿರಿ. ಮಗು 1/4 ಎನ್ನುತ್ತದೆ, ಯಾಕೆಂದರೆ 4 ದೊಡ್ಡದು. ಆಗ ನೀವೇನು ಮಾಡುತ್ತೀರಿ ಎಂಬುದನ್ನೇ ಅವರು ಕಾಯುತ್ತಿರುತ್ತಾರೆ. ತಪ್ಪು ಎಂದು ಮುಂದೆ ಹೋದರೆ ಅಂಕ ಹೋಯಿತು. ಒಂದೇ ಅಳತೆಯ ಎರಡು ಪಟ್ಟಿಯನ್ನು ಮೂರಾಗಿ, ನಾಲ್ಕಾಗಿ ಮಡಿಸಿ ಕ್ಯಾಮೆರಾದ ಮುಂದೆ ಹಿಡಿದು ‘ಈಗ ಯಾವುದು ಅಗಲ?’ ಎಂದು ಕೇಳಿದರೆ, ತಪ್ಪಿನ ಬೇರಿಗೆ ಕೈಹಾಕುವ ಶಿಕ್ಷಕರು ಇವರು ಎಂದು ಅವರಿಗೆ ಮನವರಿಕೆಯಾಗುತ್ತದೆ. ಮುಗಿಸುವ ಮೊದಲು, ಯಾರಿಗೆ ಅರ್ಥವಾಯಿತು ಯಾರಿಗಿಲ್ಲ ಎಂದು ತಿಳಿಯಲು ಒಂದು ಪ್ರಶ್ನೆ ಇಟ್ಟುಕೊಂಡಿರಿ.

ಮಕ್ಕಳ ರಕ್ಷಣೆಯ ಬಗ್ಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಮಗು ನಿಮ್ಮ ಹತ್ತಿರ ಒಂದು ಗುಟ್ಟು ಹೇಳಬೇಕು, ಯಾರಿಗೂ ಹೇಳಬೇಡಿ ಎಂದರೆ?’ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬಾರದು. ನಿನ್ನನ್ನು ಕಾಪಾಡಲು ಬೇಕಾದವರಿಗೆ ಹೇಳಬೇಕಾಗಬಹುದು ಎಂದು ಮೊದಲೇ ತಿಳಿಸಬೇಕು. ಕೇಳಿಸಿಕೊಳ್ಳಬೇಕು, ಕೆದಕಿ ಕೆದಕಿ ಪ್ರಶ್ನಿಸಬಾರದು, ಮಗುವಿನ ಮಾತನ್ನು ಅದರದೇ ಪದಗಳಲ್ಲಿ ಬರೆದಿಟ್ಟು, ಶಾಲೆ ಅದಕ್ಕೆಂದೇ ನೇಮಿಸಿದವರಿಗೆ ಅದೇ ದಿನ ಮುಟ್ಟಿಸಬೇಕು.

ಸ್ವವಿವರದಲ್ಲಿ ತಿಂಗಳು, ವರ್ಷ ಎರಡೂ ಇರಲಿ. ನಡುವೆ ಎಂಟು ತಿಂಗಳು ಕೆಲಸವಿರಲಿಲ್ಲವಾದರೆ ಯಾಕೆ ಎಂದು ಒಂದು ಸಾಲು ಬರೆಯಿರಿ. ಹೆರಿಗೆಯೋ ಹೆತ್ತವರ ಆರೈಕೆಯೋ ಆದರೆ ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ; ವಿವರಣೆಯಿಲ್ಲದ ಖಾಲಿ ಜಾಗವೇ ಅನುಮಾನ ಹುಟ್ಟಿಸುವುದು. ನಿಮ್ಮ ಬಗ್ಗೆ ಹೇಳುವವರಲ್ಲಿ ಒಬ್ಬರು ಈಗಿನ ಮುಖ್ಯೋಪಾಧ್ಯಾಯರಾಗಿರಬೇಕು, ಅವರ ಇಮೇಲ್ ಶಾಲೆಯ ಹೆಸರಿನದಾಗಿರಬೇಕು. ವೈಯಕ್ತಿಕ ಇಮೇಲ್ ವಿಳಾಸವನ್ನು ಒಳ್ಳೆಯ ಶಾಲೆಗಳು ಒಪ್ಪುವುದಿಲ್ಲ.

ಕೊಲ್ಲಿ ದೇಶದ ಶಾಲೆಯೊಂದು ಒಪ್ಪಂದಪತ್ರ ಕಳಿಸಿದೆ. ಸಂಬಳ ಚೆನ್ನಾಗಿದೆ. ಸಹಿ ಮಾಡುವ ಮೊದಲು ಏನು ನೋಡಲಿ?

ಒಟ್ಟು ಸಂಬಳವನ್ನು ಬದಿಗಿಟ್ಟು ಮೂಲ ವೇತನದ ಸಾಲು ಹುಡುಕಿ. ಯುನೈಟೆಡ್ ಅರಬ್ ಎಮಿರೇಟ್ಸ್‌ನ 2021ರ ಕಾರ್ಮಿಕ ಕಾಯ್ದೆಯ ಪ್ರಕಾರ, ಒಂದು ವರ್ಷ ಪೂರೈಸಿದವರಿಗೆ ಕೆಲಸ ಬಿಡುವಾಗ ಗ್ರ್ಯಾಚುಟಿ ಸಿಗುತ್ತದೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. ಲೆಕ್ಕವೆಲ್ಲ ಮೂಲ ವೇತನದ ಮೇಲೆ. ಎರಡು ಶಾಲೆಗಳು ತಿಂಗಳಿಗೆ 10,000 ದಿರ್ಹಂ ಕೊಡುತ್ತವೆ ಎನ್ನೋಣ. ಒಂದರಲ್ಲಿ ಮೂಲ ವೇತನ 6,000, ಮಿಕ್ಕದ್ದು ಭತ್ಯೆ. ದಿನಕ್ಕೆ 200ರಂತೆ 21 ದಿನಕ್ಕೆ 4,200. ಐದು ವರ್ಷಕ್ಕೆ 21,000. ಇನ್ನೊಂದರಲ್ಲಿ ಮೂಲ ವೇತನ 3,000 ಮಾತ್ರ. ಅದೇ ಐದು ವರ್ಷಕ್ಕೆ ಸಿಗುವುದು 10,500. ಕೈಗೆ ಬರುವ ಸಂಬಳ ಒಂದೇ, ಬಿಡುವ ದಿನ ಅರ್ಧಕ್ಕರ್ಧ ವ್ಯತ್ಯಾಸ.

ಅದೇ ಕಾಯ್ದೆಯಂತೆ ಹೊಸ ನೌಕರರ ಪ್ರೊಬೇಷನ್ ಅವಧಿ ಆರು ತಿಂಗಳು ಮೀರುವಂತಿಲ್ಲ, ನೇಮಕಾತಿಯ ವೆಚ್ಚವನ್ನು ನಿಮ್ಮಿಂದ ವಸೂಲಿ ಮಾಡುವಂತಿಲ್ಲ, ನಿಮ್ಮ ಪಾಸ್‌ಪೋರ್ಟನ್ನು ಇಟ್ಟುಕೊಳ್ಳುವಂತಿಲ್ಲ.

ಯಾವ ದೇಶದ ಒಪ್ಪಂದವಾದರೂ ಇವನ್ನು ಬರಹದಲ್ಲಿ ಕೇಳಿ. ವಾರಕ್ಕೆ ಎಷ್ಟು ಪೀರಿಯಡ್, ಪೀರಿಯಡ್ ಎಷ್ಟು ನಿಮಿಷದ್ದು, ಬದಲಿ ತರಗತಿ ಅದರಲ್ಲೇ ಸೇರಿದೆಯೋ ಮೇಲಿನದೋ? ಬೇಸಿಗೆ ರಜೆಗೆ ಸಂಬಳ ಉಂಟೋ? ಹತ್ತು ತಿಂಗಳ ಸಂಬಳವನ್ನು ಹನ್ನೆರಡಕ್ಕೆ ಹಂಚಿದ್ದಾರೋ, ಹನ್ನೆರಡು ತಿಂಗಳದ್ದೇ ಕೊಡುತ್ತಾರೋ? ಮನೆ ಶಾಲೆಯದೋ ಭತ್ಯೆಯೋ. ಶಾಲೆಯದಾದರೆ ಒಬ್ಬರಿಗೋ, ಇಬ್ಬರು ಹಂಚಿಕೊಳ್ಳಬೇಕೋ? ವಿಮಾನದ ಟಿಕೆಟ್ ಅವರೇ ತೆಗೆದುಕೊಡುತ್ತಾರೋ, ನೀವು ತೆಗೆದ ಮೇಲೆ ಮರುಪಾವತಿಯೋ? ವಿಮೆಯಲ್ಲಿ ಹಲ್ಲು, ಹೆರಿಗೆ, ಮೊದಲೇ ಇದ್ದ ಕಾಯಿಲೆ ಬರುತ್ತವೆಯೋ? ವರ್ಷದ ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು? ‘ಶಾಲೆ ವಹಿಸುವ ಇತರ ಕೆಲಸಗಳು’ ಎಂಬ ಸಾಲು ಎಲ್ಲ ಒಪ್ಪಂದದಲ್ಲೂ ಇರುತ್ತದೆ. ಅದರಡಿ ಶನಿವಾರದ ತರಗತಿ, ಬಸ್ಸಿನ ಮೇಲ್ವಿಚಾರಣೆ, ಹಾಸ್ಟೆಲ್ ಸರದಿ ಇವೆಯೇ ಎಂದು ನೇರವಾಗಿ ಕೇಳಿ. ಫೋನಿನಲ್ಲಿ ‘ಆಗುತ್ತದೆ ಬನ್ನಿ’ ಎಂದದ್ದು ಒಪ್ಪಂದವಲ್ಲ. ಅದನ್ನೇ ಇಮೇಲಿನಲ್ಲಿ ಬರೆದು ‘ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ, ಸರಿಯೇ?’ ಎಂದು ಕಳಿಸಿ, ಉತ್ತರವನ್ನು ಜೋಪಾನ ಮಾಡಿ. ಎರಡು ಭಾಷೆಯ ಒಪ್ಪಂದವಾದರೆ ತಕರಾರು ಬಂದಾಗ ಯಾವ ಭಾಷೆಯ ಪ್ರತಿ ಊರ್ಜಿತ ಎಂಬ ಕಲಮನ್ನೂ ಓದಿ.

ಏಜೆಂಟರು ‘ಸೀಟು ಕಾದಿರಿಸಲು’ ಮುಂಗಡ ಕೇಳುತ್ತಿದ್ದಾರೆ. ಟೂರಿಸ್ಟ್ ವೀಸಾದಲ್ಲಿ ಹೋದರೆ ಅಲ್ಲೇ ಬದಲಾಯಿಸಿಕೊಡುತ್ತಾರಂತೆ.

ಎರಡಕ್ಕೂ ಒಲ್ಲೆ ಎನ್ನಿ. ಖಾಸಗಿ ಉದ್ಯೋಗ ಸಂಸ್ಥೆಗಳ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ ಒಪ್ಪಂದ, ಕೆಲಸಗಾರರಿಂದ ನೇರವಾಗಲಿ ಸುತ್ತುಬಳಸಿಯಾಗಲಿ ಶುಲ್ಕ ಪಡೆಯಬಾರದು ಎಂಬುದನ್ನೇ ಮೂಲ ನಿಯಮವಾಗಿಟ್ಟುಕೊಂಡಿದೆ. ಕಾಮನ್‌ವೆಲ್ತ್ ದೇಶಗಳು ಶಿಕ್ಷಕರ ನೇಮಕಾತಿಗೆಂದೇ 2004ರಲ್ಲಿ ಒಂದು ನಿಯಮಾವಳಿ ಒಪ್ಪಿಕೊಂಡಿವೆ. ಒಳ್ಳೆಯ ಏಜೆನ್ಸಿಗೆ ದುಡ್ಡು ಕೊಡುವುದು ಶಾಲೆ.

ಪ್ರವಾಸಿ ವೀಸಾದಲ್ಲಿ ಪಾಠ ಹೇಳಿದರೆ ತಪ್ಪಿತಸ್ಥರಾಗುವುದು ನೀವು. ಸಿಕ್ಕಿಬಿದ್ದರೆ ದಂಡ, ಗಡೀಪಾರು, ಮುಂದಿನ ಎಲ್ಲ ವೀಸಾ ಅರ್ಜಿಯಲ್ಲೂ ಬರೆಯಬೇಕಾದ ಕಪ್ಪು ಸಾಲು. ಚೀನಾಕ್ಕೆ ಕೆಲಸಕ್ಕೆ ಹೋಗುವುದು ಝಡ್ ವೀಸಾದಲ್ಲಿ. ಇಳಿದ 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, ಹೋಟೆಲಿನ ಹೊರಗೆ ತಂಗಿದರೆ 24 ಗಂಟೆಯೊಳಗೆ ಪೊಲೀಸರಲ್ಲಿ ವಿಳಾಸ ನೋಂದಾಯಿಸಬೇಕು. ಇಷ್ಟು ಬಿಗಿ ಇರುವಲ್ಲಿ ಅಡ್ಡದಾರಿ ಹಿಡಿಯುವವರನ್ನು ನಂಬಿ ಹೊರಡಬೇಡಿ. ಶಾಲೆಯ ಮುಖ್ಯ ಕಚೇರಿಯ ಫೋನ್ ಸಂಖ್ಯೆಯನ್ನು ಏಜೆಂಟರ ಕಾಗದದಿಂದ ತೆಗೆದುಕೊಳ್ಳದೆ ಶಾಲೆಯ ಜಾಲತಾಣದಿಂದ ತೆಗೆದು, ನಿಮ್ಮ ಹೆಸರು ಅಲ್ಲಿ ಇದೆಯೇ ಎಂದು ವಿಚಾರಿಸಿ. ಈಗ ಅಲ್ಲಿ ಕೆಲಸ ಮಾಡುತ್ತಿರುವ ಒಬ್ಬ ಶಿಕ್ಷಕರ ಜೊತೆ ಮಾತಾಡಿಸಿ ಎಂದು ಕೇಳಿ. ಒಳ್ಳೆಯ ಶಾಲೆ ಅದಕ್ಕೆ ಇಲ್ಲವೆನ್ನುವುದು ಅಪರೂಪ.

ಲಸಿಕೆ, ಔಷಧಿ?

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ 0, 1, 6 ತಿಂಗಳಿಗೆ ಬರುವುದರಿಂದ ಅದನ್ನು ಮೊದಲು ಶುರುಮಾಡಿ. ದಡಾರ, ಮಂಗನಬಾವು, ರುಬೆಲ್ಲಾ ಸೇರಿದ ಎಂಎಂಆರ್ ಎರಡು ಡೋಸಿನ ನಡುವೆ ಕನಿಷ್ಠ 28 ದಿನ ಬಿಡಬೇಕು. ಮಕ್ಕಳ ನಡುವೆ ಇರುವವರಿಗೆ ಇದು ಬೇಕೇಬೇಕು. ಹಳದಿ ಜ್ವರದ ಲಸಿಕೆ ಕೇಳುವ ದೇಶವಾದರೆ, ಚುಚ್ಚಿಸಿಕೊಂಡ 10 ದಿನದ ಮೇಲೆ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಆಮೇಲೆ ಜೀವನಪೂರ್ತಿ ಸಾಕು.

ಔಷಧಿಯ ವಿಷಯದಲ್ಲಿ ಉದಾಸೀನ ಬೇಡ. ಒಂದು ದೇಶದ ಮಾಮೂಲಿ ಮಾತ್ರೆ ಇನ್ನೊಂದರಲ್ಲಿ ನಿಷಿದ್ಧ ವಸ್ತುವಾಗಿರಬಹುದು. ಜಪಾನಿಗೆ ಶೇ 10ಕ್ಕಿಂತ ಹೆಚ್ಚು ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಔಷಧಿ ಒಯ್ಯುವಂತಿಲ್ಲ. ಆಂಫೆಟಮಿನ್ ಇರುವುದು ವೈದ್ಯರ ಚೀಟಿ ಇದ್ದರೂ ಇಲ್ಲ. ಒಂದು ತಿಂಗಳಿಗಿಂತ ಹೆಚ್ಚಿನ ಚೀಟಿ ಔಷಧಿಗೆ ಹೊರಡುವ ಮೊದಲೇ ‘ಯುನ್ಯು ಕಾಕುನಿನ್‌ಶೋ’ ಎಂಬ ಆಮದು ಪತ್ರ ಪಡೆದಿರಬೇಕು. ಎಲ್ಲಿಗೆ ಹೋದರೂ ಮಾತ್ರೆಗಳು ಮೂಲ ಪಟ್ಟಿಯಲ್ಲೇ ಇರಲಿ, ಚೀಟಿಯಲ್ಲಿ ಬ್ರಾಂಡಿನ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರಲಿ.

ಇಬ್ಬರು ಮಕ್ಕಳಿದ್ದಾರೆ. ಜೊತೆಯಲ್ಲೇ ಕರೆದುಕೊಂಡು ಹೋಗಲೇ? ಕೈಯಲ್ಲಿ ಎಷ್ಟು ಹಣ ಇರಬೇಕು?

ಶಾಲೆ ‘ಶಿಕ್ಷಕರ ಮಕ್ಕಳಿಗೆ ರಿಯಾಯಿತಿ’ ಎಂದರೆ ಮೂರು ಪ್ರಶ್ನೆ ಕೇಳಿ: ಎಷ್ಟು ಮಕ್ಕಳಿಗೆ, ಶೇಕಡಾ ಎಷ್ಟು, ಆ ತರಗತಿಯಲ್ಲಿ ಜಾಗ ನಿಜಕ್ಕೂ ಇದೆಯೇ? ಜಾಗವಿಲ್ಲದ ರಿಯಾಯಿತಿಯಿಂದ ಮಗು ಮನೆಯಲ್ಲಿ ಕೂರುತ್ತದೆ. ಕಲಿಕೆಯಲ್ಲಿ ವಿಶೇಷ ನೆರವು ಬೇಕಾದ ಮಗುವಾದರೆ ಆ ವರದಿಯನ್ನು ಸಹಿಗೆ ಮೊದಲೇ ಶಾಲೆಗೆ ಕೊಡಿ. ಮುಚ್ಚಿಟ್ಟರೆ ತೊಂದರೆ ಅನುಭವಿಸುವುದು ಮಗು. ಸಂಗಾತಿಯ ವೀಸಾದಲ್ಲಿ ಕೆಲಸ ಮಾಡಲು ಅನುಮತಿ ಇದೆಯೇ ಎಂಬುದು ಒಂದೊಂದು ದೇಶದಲ್ಲಿ ಒಂದೊಂದು ಥರ. ಒಂದೇ ಸಂಬಳದಲ್ಲಿ ಸಂಸಾರ ನಡೆಯುತ್ತದೆಯೇ ಎಂದು ಅದನ್ನು ತಿಳಿದುಕೊಂಡ ಮೇಲೆ ಲೆಕ್ಕ ಹಾಕಿ.

ಹಣದ ಬಗ್ಗೆ: ಮೊದಲ ಸಂಬಳ ಬರಲು ಐದಾರು ವಾರ ಹಿಡಿಯಬಹುದು. ಅಷ್ಟರಲ್ಲಿ ಮನೆಯ ಠೇವಣಿ, ವೀಸಾ ಶುಲ್ಕ, ಮರುಪಾವತಿಯಾಗಬೇಕಾದ ಟಿಕೆಟ್ ಎಲ್ಲ ಕೈಯಿಂದಲೇ ಹೋಗುತ್ತದೆ. ಬ್ರಿಟನ್ನಿನಲ್ಲಿ ವೀಸಾ ಶುಲ್ಕದ ಮೇಲೆ ಆರೋಗ್ಯ ಸರ್ಚಾರ್ಜ್ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, 2024ರ ಫೆಬ್ರವರಿಯಿಂದ. ಮೂರು ವರ್ಷದ ವೀಸಾಕ್ಕೆ ಅಷ್ಟನ್ನೂ ಅರ್ಜಿಯ ದಿನವೇ ಕಟ್ಟಬೇಕು, ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ. ಹೋಗುವ ಊರಿನ ದರದಲ್ಲಿ ಮೂರು ತಿಂಗಳ ಖರ್ಚು ಇಟ್ಟುಕೊಂಡು ಹೊರಡಿ. ಮನೆ ವಿಳಾಸವಿಲ್ಲದೆ ಬ್ಯಾಂಕ್ ಖಾತೆ ಇಲ್ಲ, ಖಾತೆಯಿಲ್ಲದೆ ಬಾಡಿಗೆ ಮನೆ ಇಲ್ಲ ಎಂಬ ಗಂಟು ಎಲ್ಲ ಕಡೆ ಇದೆ. ನೀವು ಅಲ್ಲಿನ ನೌಕರರು ಎಂಬ ಪತ್ರವನ್ನು ಶಾಲೆಯ ಲೆಟರ್‌ಹೆಡ್‌ನಲ್ಲಿ, ತಾತ್ಕಾಲಿಕ ವಿಳಾಸ ಸೇರಿಸಿ, ಮೊದಲೇ ತರಿಸಿಕೊಂಡಿದ್ದರೆ ಅದು ಬಿಚ್ಚಿಕೊಳ್ಳುತ್ತದೆ.

ಸಾಧ್ಯವಿದ್ದರೆ ನೀವು ಒಂದು ತಿಂಗಳು ಮುಂಚೆ ಹೋಗಿ ಮನೆ ಮಾಡಿ, ಆಮೇಲೆ ಮಕ್ಕಳನ್ನು ಕರೆಸಿಕೊಳ್ಳಿ.

ಹದಿನೈದು ವರ್ಷ ಪಾಠ ಹೇಳಿದ್ದೇನೆ. ಅಲ್ಲಿನ ತರಗತಿಗೆ ಬೇರೆ ತಯಾರಿ ಬೇಕೇ?

ವಿಷಯಕ್ಕೆ ಅಷ್ಟಾಗಿ ಬೇಡ, ರೀತಿರಿವಾಜಿಗೆ ಬೇಕು. ಅನುಭವಿಗಳು ಎಡವುವುದೂ ಇಲ್ಲೇ.

ಇಂಗ್ಲೆಂಡಿನಲ್ಲಿ ‘ಕೀಪಿಂಗ್ ಚಿಲ್ಡ್ರನ್ ಸೇಫ್ ಇನ್ ಎಜುಕೇಷನ್’ ಎಂಬ ಸರ್ಕಾರಿ ಮಾರ್ಗಸೂಚಿ ಇದೆ. ಮಕ್ಕಳೊಂದಿಗೆ ನೇರವಾಗಿ ಕೆಲಸ ಮಾಡುವ ಸಿಬ್ಬಂದಿಯೆಲ್ಲ ಅದರ ಮೊದಲ ಭಾಗವನ್ನಾದರೂ ಓದಿರಬೇಕು. ಅಮೆರಿಕದ ರಾಜ್ಯಗಳಲ್ಲಿ, ಮಗುವಿನ ಮೇಲೆ ದೌರ್ಜನ್ಯದ ಅನುಮಾನ ಬಂದರೆ ವರದಿ ಮಾಡುವುದು ಶಿಕ್ಷಕರ ಕಾನೂನುಬದ್ಧ ಹೊಣೆ. ಅನುಮಾನ ಸಾಕು, ಸಾಕ್ಷಿ ಕಲೆಹಾಕುವುದು ನಿಮ್ಮ ಕೆಲಸವಲ್ಲ. ಮಗುವಿನ ಕಿವಿ ಹಿಂಡುವುದು, ತಲೆಗೆ ಮೊಟಕುವುದು ಸಲಿಗೆಯಿಂದಲೇ ಆದರೂ ಕೆಲಸ ಕಳೆಯುತ್ತದೆ. ಸ್ವಂತ ಫೋನಿನಲ್ಲಿ ಮಕ್ಕಳ ಫೋಟೊ ತೆಗೆಯುವುದು, ವಿದ್ಯಾರ್ಥಿಗೆ ಖಾಸಗಿ ಸಂದೇಶ ಕಳಿಸುವುದು, ಮಳೆ ಬಂತೆಂದು ಒಬ್ಬ ವಿದ್ಯಾರ್ಥಿಯನ್ನು ಕಾರಿನಲ್ಲಿ ಮನೆಗೆ ಬಿಡುವುದು, ಬಾಗಿಲು ಮುಚ್ಚಿ ಒಬ್ಬರಿಗೇ ಪಾಠ ಹೇಳುವುದು ಇವೆಲ್ಲ ಒಳ್ಳೆಯ ಮನಸ್ಸಿನಿಂದ ಮಾಡಿದರೂ ವಿಚಾರಣೆಗೆ ದಾರಿ. ನಿಯಮಗಳು ಇರುವುದು ಮಗುವಿಗಾಗಿ. ಇವು ಶಿಕ್ಷಕರನ್ನೂ ಕಾಯುತ್ತವೆ ಎಂಬುದು ಸ್ವಲ್ಪ ದಿನದಲ್ಲೇ ನಿಮಗೆ ಅರಿವಾಗುತ್ತದೆ.

ಅಮೆರಿಕದಲ್ಲಿ ವಿಶೇಷ ನೆರವು ಬೇಕಾದ ಮಗುವಿಗೆ ಐಇಪಿ ಎಂಬ ವೈಯಕ್ತಿಕ ಯೋಜನೆ ಇರುತ್ತದೆ. ಅದು ಕಾನೂನಿನ ದಾಖಲೆ. ಪರೀಕ್ಷೆಗೆ ಒಂದೂವರೆ ಪಟ್ಟು ಸಮಯ ಎಂದು ಅದರಲ್ಲಿ ಬರೆದಿದ್ದರೆ ಕೊಡಲೇಬೇಕು, ‘ಈ ಮಗುವಿಗೆ ಬೇಕಾಗಿಲ್ಲ’ ಎಂದು ನಿಮ್ಮಷ್ಟಕ್ಕೆ ತೀರ್ಮಾನಿಸುವಂತಿಲ್ಲ. ಮೊದಲ ವಾರವೇ ನಿಮ್ಮ ತರಗತಿಯ ಐಇಪಿಗಳನ್ನು ಕೇಳಿ ಪಡೆದು, ಯಾವ ಮಗುವಿಗೆ ಏನು ಎಂದು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮಗುವಿನ ವಿವರ ಇರುವ ಆ ಹಾಳೆ ಬೀಗದೊಳಗೇ ಇರಲಿ.

ಸಣ್ಣವೆನಿಸುವ ವಿಷಯಗಳೂ ಇವೆ. ಇಂಗ್ಲೆಂಡಿನ ಇಯರ್ 7 ಎಂದರೆ ಅಮೆರಿಕದ 6ನೇ ಗ್ರೇಡ್. ಪಾಠಯೋಜನೆ ಒಂದು ವರ್ಷ ಮೇಲೆ ಕೆಳಗೆ ಆಗುವುದು ಹೀಗೆ. 03/04 ಎಂದರೆ ಒಂದು ಕಡೆ ಏಪ್ರಿಲ್ 3, ಇನ್ನೊಂದು ಕಡೆ ಮಾರ್ಚ್ 4. ಯುರೋಪಿನ ಬಹುಪಾಲು ದೇಶಗಳಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ: ಅವರ 3,5 ನಿಮ್ಮ ಮೂರೂವರೆ. ಜರ್ಮನಿಯಲ್ಲಿ ಭಾಗಾಕಾರದ ಚಿಹ್ನೆ ಎರಡು ಚುಕ್ಕಿ. ಬೋರ್ಡಿನ ಮೇಲೆ ನೀವು ಬರೆದ ಅಂಕಿಯನ್ನೇ ಮಕ್ಕಳು ಬೇರೆಯಾಗಿ ಓದುತ್ತಿದ್ದರೆ ಪಾಠ ಎಷ್ಟು ಚೆನ್ನಾಗಿದ್ದರೂ ದಕ್ಕುವುದಿಲ್ಲ. ಹೋಗುವ ಶಾಲೆಯ ಪಠ್ಯಪುಸ್ತಕ, ತಿದ್ದಿದ ಎರಡು ಮೂರು ಉತ್ತರಪತ್ರಿಕೆಗಳನ್ನು ವಿದ್ಯಾರ್ಥಿಯ ಹೆಸರು ಅಳಿಸಿ ಕಳಿಸಲು ಕೇಳಿ. ಅಲ್ಲಿ ಯಾವುದಕ್ಕೆ ಪೂರ್ತಿ ಅಂಕ, ಯಾವುದಕ್ಕೆ ಅರ್ಧ ಎಂದು ಅದು ತಿಳಿಸಿಬಿಡುತ್ತದೆ. ಹೊರಡುವ ಮುನ್ನ ಮಾಡುವ ತಯಾರಿಯಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಕಡಿಮೆ.

ಎರಡು ವರ್ಷ ಮುಗಿಸಿ ಇನ್ನೊಂದು ದೇಶಕ್ಕೆ ಹೋಗುವ ಯೋಚನೆ ಇದೆ. ಅಲ್ಲಿಂದ ಏನೇನು ತರಬೇಕು?

ಇನ್ನೂ ಆ ದೇಶದಲ್ಲಿ ಇರುವಾಗಲೇ ಅಲ್ಲಿನ ಪೊಲೀಸ್ ಪತ್ರ, ಅದಕ್ಕೆ ಅಲ್ಲಿನ ಅಪೊಸ್ಟಿಲ್ ಅಥವಾ ದೃಢೀಕರಣ. ಕಲಿಸಿದ ತರಗತಿ, ವಿಷಯ, ಸೇರಿದ ಬಿಟ್ಟ ದಿನಾಂಕ, ಪೂರ್ಣಾವಧಿಯೋ ಅರೆಕಾಲಿಕವೋ ಎಂಬುದು ಸ್ಪಷ್ಟವಾಗಿರುವ ಸೇವಾ ಪತ್ರ, ಲೆಟರ್‌ಹೆಡ್‌ನಲ್ಲಿ, ಸಹಿ ಮಾಡಿದವರ ಹುದ್ದೆ ಸಮೇತ. ಅಲ್ಲಿನ ಬೋಧನಾ ಪರವಾನಗಿ ಸಂಸ್ಥೆಯಿಂದ, ನಿಮ್ಮ ಮೇಲೆ ಶಿಸ್ತು ಕ್ರಮವಿಲ್ಲ ಎಂಬ ಪತ್ರ. ಎಲ್ಲ ತಿಂಗಳ ಸಂಬಳ ಚೀಟಿ, ವರ್ಷದ ತೆರಿಗೆ ಪತ್ರ, ಪಿಂಚಣಿ ಖಾತೆಗೆ ಕಟ್ಟಿದ್ದರೆ ಅದರ ಸಂಖ್ಯೆ. ಶಾಲೆಯ ಇಮೇಲ್ ಬಿಟ್ಟ ದಿನವೇ ಮುಚ್ಚಿಹೋಗುತ್ತದೆ, ಅದರಲ್ಲಿರುವ ನಿಮ್ಮ ಸ್ವಂತ ಕಾಗದಗಳನ್ನು ಮೊದಲೇ ಹೊರತೆಗೆಯಿರಿ. ಮಕ್ಕಳ ವಿವರ ಇರುವುದು ಅಲ್ಲೇ ಉಳಿಯಲಿ. ಗ್ರ್ಯಾಚುಟಿ ಖಾತೆಗೆ ಬೀಳುವವರೆಗೆ ಅಲ್ಲಿನ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ.